ಊರು ಬಿಡುವ ಮುನ್ನ ಯಾರನ್ನು ಕೇಳಿದಿರಿ?

"ಈ ಬೆಂಗಳೂರು ಸಾಕಾಯಿತು, ಮೈಸೂರಿಗೆ ಹೋಗಿ ನೆಮ್ಮದಿಯಾಗಿ ಇದ್ದುಬಿಡೋಣ" ಎಂಬ ಮಾತು ನಿಮ್ಮ ಮನೆಯಲ್ಲಿಯೂ ಒಮ್ಮೆಯಾದರೂ ಬಂದಿರಬೇಕು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ಅಲುಗಾಡದೆ ನಿಂತ ಸಂಜೆ ಬಂದಿರಬೇಕು. ಇಲ್ಲವೇ ನೀರಿನ ಟ್ಯಾಂಕರಿನವನು ಫೋನ್ ಎತ್ತದ ದಿನ ಬಂದಿರಬೇಕು. ನಮ್ಮ ಹಿರಿಯರ ಕಾಲದಲ್ಲಿ ಮಾತು ಬೇರೆಯಿತ್ತು. ಹಾರೋಬೆಲೆಯಿಂದ, ಹಾಸನದ ಹಳ್ಳಿಗಳಿಂದ, ಮಂಗಳೂರಿನ ಕಡೆಯಿಂದ ಅನೇಕರು ಬೆಂಗಳೂರಿಗೆ ಬಂದದ್ದು ಹೊಟ್ಟೆಪಾಡಿಗಾಗಿ. ಅವರಿಗೆ ಬೇರೆ ದಾರಿ ಇರಲಿಲ್ಲ. ಅವರ ಮಕ್ಕಳಲ್ಲಿ ಕೆಲವರಿಗೆ ಇಂದು ಆಯ್ಕೆ ಇದೆ. ಆಯ್ಕೆ ಇರುವಲ್ಲಿ ಹೊಣೆಯೂ ಇರುತ್ತದೆಯಲ್ಲವೇ? ಆದ್ದರಿಂದ ಇದನ್ನು ಬಾಡಿಗೆ, ಪೆಟ್ರೋಲಿನ ಲೆಕ್ಕಕ್ಕೆ ಮಾತ್ರ ಬಿಟ್ಟುಕೊಡುವಂತಿಲ್ಲ.

ನಂದಿನಿ ಲೇಔಟಿನ ಒಂದು ಕುಟುಂಬವನ್ನು ಕಣ್ಮುಂದೆ ತಂದುಕೊಳ್ಳಿ. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಮ್ಮ ಇಪ್ಪತ್ತೈದು ವರ್ಷಗಳಿಂದ ಅದೇ ಬೀದಿಯಲ್ಲಿದ್ದಾರೆ. ಮಗ ಕಂಪ್ಯೂಟರ್ ಕಂಪನಿಯಲ್ಲಿ, ಸೊಸೆ ಯಶವಂತಪುರದ ಕಡೆ ಒಂದು ಶಾಲೆಯಲ್ಲಿ. ಇಬ್ಬರು ಮಕ್ಕಳು. ಮೈಸೂರಿನ ಮಾತೆತ್ತಿದವನು ಮಗ. ಇಂಥ ಮನೆಗಳು ಒಂದೆರಡಲ್ಲ.

ಮೊದಲು ಹೋಗೋಣ ಎನ್ನುವ ಮಗನ ಮಾತನ್ನು ಸರಿಯಾಗಿ ಕೇಳೋಣ. ಅವನದು ಸೋಮಾರಿಯ ಮಾತಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ, ಮೈಸೂರಿನದು ಸುಮಾರು 9 ಲಕ್ಷ. ಆ ವ್ಯತ್ಯಾಸ ರಸ್ತೆಯಲ್ಲಿ ಕಾಣುತ್ತದೆ, ಬಾಡಿಗೆಯಲ್ಲಿ ಕಾಣುತ್ತದೆ, ಮಗುವನ್ನು ಶಾಲೆಗೆ ಬಿಟ್ಟುಬರುವ ಹೊತ್ತಿನಲ್ಲಿ ಕಾಣುತ್ತದೆ. ನೀರಿನ ವಿಷಯ ನೋಡಿ. ಎರಡೂ ನಗರಗಳು ಕುಡಿಯುವುದು ಕಾವೇರಿಯ ನೀರನ್ನೇ. ಬೆಂಗಳೂರು ಅದನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಮೈಸೂರಿಗೆ ಕನ್ನಂಬಾಡಿ ಕಟ್ಟೆ ಪಕ್ಕದ ಮನೆಯಿದ್ದಂತೆ, ಕಬಿನಿಯೂ ಹತ್ತಿರ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದಾಗ ಕೊಡ ಹಿಡಿದು ನಿಂತವರಿಗೆ ಈ ಭೂಗೋಳವನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಿಜ. ಆದರೂ ಭಯ ಮನಸ್ಸಿನಿಂದ ಹೋಗಿಲ್ಲ. ಇನ್ನು ಸ್ವಚ್ಛತೆಯ ಮಾತು: 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರೇ ಮೊದಲು ಬಂದಿತ್ತು.

ಎಲ್ಲಕ್ಕಿಂತ ದೊಡ್ಡ ವಾದ ಸಮಯದ್ದು. ದಿನಕ್ಕೆ ಹೋಗಿಬರಲು ಮೂರು ಗಂಟೆ ಹಿಡಿಯುವವನು ವರ್ಷದಲ್ಲಿ 250 ದಿನ ಕೆಲಸಕ್ಕೆ ಹೋದರೆ 750 ಗಂಟೆ ರಸ್ತೆಯಲ್ಲಿ ಕಳೆದಂತಾಯಿತು. ಅಂದರೆ ಹಗಲು ರಾತ್ರಿ ಸೇರಿ ಇಡೀ ಒಂದು ತಿಂಗಳು! ಮಗ ಎದ್ದಾಗ ಅಪ್ಪ ಮನೆಯಲ್ಲಿಲ್ಲ, ಅಪ್ಪ ಬಂದಾಗ ಮಗ ನಿದ್ದೆಯಲ್ಲಿದ್ದಾನೆ. ಕುಟುಂಬ ಪ್ರಾರ್ಥನೆ ಭಾನುವಾರಕ್ಕೆ ಸರಿದು, ಅಲ್ಲಿಂದ ಹಬ್ಬಕ್ಕೆ ಸರಿದಿದೆ. ಇದನ್ನು ಬದಲಿಸಬೇಕು ಎನ್ನುವವನನ್ನು ಊರುಬಿಡುಕ ಎಂದು ಹಳಿಯುವುದು ನ್ಯಾಯವಲ್ಲ.

ಆದರೆ ಉಳಿದ ಸಮಯ ತಾನಾಗಿಯೇ ಮಕ್ಕಳ ಪಾಲಾಗುತ್ತದೆ ಎಂದು ಯಾರು ಹೇಳಿದರು? ಅದು ಮೊಬೈಲಿನ ಪಾಲೂ ಆಗಬಹುದು. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. 2020ರ ಲಾಕ್‌ಡೌನ್ ಬಂದಾಗ ಮನೆಯಿಂದಲೇ ಕೆಲಸ ಎಂದಾಯಿತು. ಆಗ ಎಷ್ಟೋ ಜನ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರುಗಳಿಗೆ, ಚಿಕ್ಕ ನಗರಗಳಿಗೆ ಹೋದರು. ಎರಡು ಮೂರು ವರ್ಷಗಳಲ್ಲಿ ಕಂಪನಿಗಳು ಒಂದೊಂದಾಗಿ "ಆಫೀಸಿಗೆ ಬನ್ನಿ" ಎಂದವು. ಆಗ ಏನಾಗುತ್ತದೆ? ಹೆಂಡತಿ ಮಕ್ಕಳು ಮೈಸೂರಿನಲ್ಲಿ, ಗಂಡ ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ. ದಿನಕ್ಕೆ ಮೂರು ಗಂಟೆ ಉಳಿಸಲು ಹೊರಟವನು ವಾರಕ್ಕೆ ನಾಲ್ಕು ರಾತ್ರಿ ಕಳೆದುಕೊಂಡ. ಕೆಲವರು ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬಂದು ಸಂಜೆ ಅದರಲ್ಲೇ ಮರಳುತ್ತಾರೆ. ರೈಲು ಹಾದಿ 139 ಕಿಲೋಮೀಟರ್. 118 ಕಿಲೋಮೀಟರಿನ ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಒಂದೂವರೆ ಗಂಟೆಯ ದಾರಿ ಎಂದರು. ನಂದಿನಿ ಲೇಔಟಿನವರಿಗೆ ಅದು ಕೆಂಗೇರಿ ದಾಟಿದ ಮೇಲಿನ ಲೆಕ್ಕ. ಲಗ್ಗೆರೆ, ಸುಮನಹಳ್ಳಿ, ನಾಯಂಡಹಳ್ಳಿ ದಾಟುವ ಹೊತ್ತನ್ನು ಆ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ. ಬೈಕು, ಸ್ಕೂಟರುಗಳಿಗಂತೂ 2023ರ ಆಗಸ್ಟಿನಿಂದ ಆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ.

ಈಗ ಸೊಸೆಯ ಕಡೆಗೆ ಬನ್ನಿ. ಇಂಥ ಚರ್ಚೆಗಳಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ಅವಳು, ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳೂ ಅವಳೇ. ಗಂಡನ ಕೆಲಸ ಲ್ಯಾಪ್‌ಟಾಪಿನೊಂದಿಗೆ ಹೊರಡುತ್ತದೆ. ಅವಳ ಕೆಲಸ ಶಾಲೆಯ ಗೇಟಿನಲ್ಲೇ ಉಳಿಯುತ್ತದೆ. ಹನ್ನೆರಡು ವರ್ಷದ ಸೇವೆ, ಅದರೊಡನೆ ಏರಿದ ಸಂಬಳ, ಮುಖ್ಯೋಪಾಧ್ಯಾಯಿನಿಯ ನಂಬಿಕೆ, ಎಲ್ಲವನ್ನೂ ಬಿಟ್ಟು ಹೊಸ ಊರಿನ ಖಾಸಗಿ ಶಾಲೆಯೊಂದರಲ್ಲಿ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ದೊಡ್ಡ ನಗರದ ನಿಜವಾದ ಬಲ ಇರುವುದೇ ಇಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಅವರವರ ಓದಿಗೆ ತಕ್ಕ ಕೆಲಸ ಒಂದೇ ಊರಿನಲ್ಲಿ ಸಿಗುತ್ತದೆ. ಒಂದು ಕಾರ್ಖಾನೆ ಮುಚ್ಚಿದರೆ ಅದೇ ಬಸ್ಸಿನ ದಾರಿಯಲ್ಲಿ ಇನ್ನೊಂದು ಇರುತ್ತದೆ. ಪೀಣ್ಯದಲ್ಲಿ ದುಡಿದವರಿಗೆ ಇದು ಗೊತ್ತು. ಮೈಸೂರಿನಲ್ಲಿ ಇನ್ಫೋಸಿಸ್ ಇದೆ, ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಿವೆ. ಆದರೂ ಬಾಗಿಲುಗಳ ಸಂಖ್ಯೆ ಕಡಿಮೆ. ಒಂದು ಮುಚ್ಚಿದರೆ ಮತ್ತೆ ಗಂಟುಮೂಟೆ ಕಟ್ಟಬೇಕಾಗಬಹುದು. ಮದುವೆಯ ದಿನ ಪೀಠದ ಮುಂದೆ ಇಬ್ಬರೂ ಕೊಟ್ಟದ್ದು ಸಮಾನವಾದ ಮಾತು. ಹಾಗಿರುವಾಗ ಒಬ್ಬರ ನೆಮ್ಮದಿಗೆ ಇನ್ನೊಬ್ಬರ ದುಡಿಮೆಯನ್ನು ಬೆಲೆಯಾಗಿ ತೆತ್ತು, ಅದನ್ನು "ಕುಟುಂಬದ ಒಳಿತು" ಎಂದು ಕರೆಯುವ ಮುಂಚೆ ಒಂದು ಕ್ಷಣ ನಿಲ್ಲಬೇಕು.

ಅಮ್ಮನ ವಿಷಯ ಇನ್ನೂ ಸೂಕ್ಷ್ಮ. ನಂದಿನಿ ಲೇಔಟಿನಲ್ಲಿ ಅವರಿಗಿರುವ ಆಸ್ತಿ ಯಾವ ಪತ್ರದಲ್ಲೂ ಇಲ್ಲ. ಯಾವ ಆಟೋದವನನ್ನು ಮಧ್ಯರಾತ್ರಿ ಕರೆಯಬಹುದು ಎಂಬುದು ಗೊತ್ತು. ಔಷಧಿ ಅಂಗಡಿಯವನಿಗೆ ಅವರ ಬಿ.ಪಿ. ಮಾತ್ರೆಯ ಹೆಸರು ಗೊತ್ತು. ಎದುರು ಮನೆಯವರು ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಇವರು ಹೋಗಿ ಬಡಿಯುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಅವರು ಕೂರುವ ಬೆಂಚು ಎಲ್ಲರಿಗೂ ಗೊತ್ತು. ಒಂದು ವಾರ ಕಾಣದಿದ್ದರೆ ಯಾರಾದರೂ ವಿಚಾರಿಸುತ್ತಾರೆ. ಮೂವತ್ತೈದರ ಮಗ ಹೊಸ ಊರಿನಲ್ಲಿ ಎರಡು ವರ್ಷಕ್ಕೆ ಗೆಳೆಯರನ್ನು ಮಾಡಿಕೊಂಡಾನು. ಎಪ್ಪತ್ತರ ತಾಯಿ? ಜಗದ್ಗುರು ಆರನೇ ಪಾಲ್ ಅವರು 1971ರ ತಮ್ಮ ಸಾಮಾಜಿಕ ಪತ್ರದಲ್ಲಿ ನಗರ ಜೀವನದ ಹೊಸ ಒಂಟಿತನದ ಬಗ್ಗೆ ಎಚ್ಚರಿಸಿದ್ದರು. ಆ ಒಂಟಿತನಕ್ಕೆ ದೊಡ್ಡ ನಗರವೇ ಬೇಕಾಗಿಲ್ಲ. ಹೊಸ ಬಡಾವಣೆಯ ಅಂದವಾದ ಮನೆಯೂ ಸಾಕು.

ಇದರ ಅರ್ಥ ಹಿರಿಯರಿಗಾಗಿ ಎಲ್ಲರೂ ಇದ್ದಲ್ಲೇ ಇರಬೇಕೆಂದಲ್ಲ. ಕಾಯಿಲೆಯ ಲೆಕ್ಕ ಒಂದೊಂದು ಮನೆಯಲ್ಲಿ ಒಂದೊಂದು ತರ. ನಿಮ್ಹಾನ್ಸ್, ಕಿದ್ವಾಯಿ, ಸೇಂಟ್ ಜಾನ್ಸ್ ಆಸ್ಪತ್ರೆಗಳಿಗೆ ಪದೇ ಪದೇ ಹೋಗಬೇಕಾದ ರೋಗಿ ಮನೆಯಲ್ಲಿದ್ದರೆ ಬೆಂಗಳೂರು ಬಿಡುವುದು ಕಷ್ಟ. ಅದೇ ಮಾತು ಬಾರದ, ಕಿವಿ ಕೇಳದ ಮಗುವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹತ್ತಿರ ಇರುವುದೇ ಒಂದು ವರ. ಹೃದ್ರೋಗಕ್ಕೆ ಜಯದೇವ ಎರಡೂ ಕಡೆ ಇದೆ. ಮಕ್ಕಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹತ್ತನೆಯ ತರಗತಿ ಅಥವಾ ಪಿ.ಯು.ಸಿ. ನಡುವೆ ಕಿತ್ತು ನೆಡಬೇಡಿ, ಅಷ್ಟೇ. ಉಳಿದ ವಯಸ್ಸಿನಲ್ಲಿ ಅವರು ನಮಗಿಂತ ಬೇಗ ಬೇರು ಬಿಡುತ್ತಾರೆ.

ಆದಿಕಾಂಡದ ಹದಿಮೂರನೆಯ ಅಧ್ಯಾಯ ನಿಮಗೆ ನೆನಪಿರಬಹುದು. ಹಿಂಡುಗಳು ಹೆಚ್ಚಿ, ಕುರಿಗಾಹಿಗಳ ಜಗಳ ಹೆಚ್ಚಿದಾಗ ಅಬ್ರಾಮನೂ ಲೋಟನೂ ಬೇರೆಯಾಗಬೇಕಾಯಿತು. ಲೋಟ ಕಣ್ಣೆತ್ತಿ ನೋಡಿದ. ಜೋರ್ಡನ್ ನದಿಯ ಬಯಲು ನೀರಾವರಿಯಿಂದ ತುಂಬಿತ್ತು. ಅದನ್ನೇ ಆರಿಸಿಕೊಂಡ. ನೀರು, ಹುಲ್ಲು ನೋಡಿದ, ನೆರೆಹೊರೆ ನೋಡಲಿಲ್ಲ ಎಂದು ಪ್ರಸಂಗಗಳಲ್ಲಿ ಕೇಳಿದ್ದೇವೆ. ನನ್ನ ಗಮನ ಹೋಗುವುದು ಅಬ್ರಾಮನ ಕಡೆಗೆ. ವಯಸ್ಸಿನಲ್ಲಿ ದೊಡ್ಡವನು, ಕುಲದ ಯಜಮಾನ, ತೀರ್ಮಾನಿಸುವ ಹಕ್ಕು ಅವನದು. ಆದರೂ ನೀನೇ ಮೊದಲು ಆರಿಸಿಕೋ ಎಂದು ತನ್ನ ತಮ್ಮನ ಮಗನಿಗೆ ಬಿಟ್ಟುಕೊಟ್ಟ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ತೀರ್ಮಾನ ಮುಂಚೆಯೇ ಆಗಿರುತ್ತದೆ, ಮುಂಗಡವನ್ನೂ ಕೊಟ್ಟಾಗಿರುತ್ತದೆ, ಆಮೇಲೆ "ಏನಮ್ಮಾ, ಹೋಗೋಣವಾ?" ಎಂದು ಕೇಳುತ್ತಾರೆ. ಅಮ್ಮ ಏನೆಂದಾರು? "ನಿಮ್ಮ ಇಷ್ಟ ಕಣಪ್ಪಾ" ಎನ್ನುತ್ತಾರೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಮೈಸೂರಿನವರನ್ನೂ ಕೇಳುವವರಿಲ್ಲ. ಬೆಂಗಳೂರಿನ ಮನೆ ಮಾರಿದ ದುಡ್ಡು ಹಿಡಿದು ಹೋದವರಿಗೆ ಅಲ್ಲಿನ ಬೆಲೆ ಅಗ್ಗವಾಗಿ ಕಾಣುತ್ತದೆ, ಚೌಕಾಸಿ ಮಾಡದೆ ಕೊಟ್ಟುಬಿಡುತ್ತಾರೆ. ಹಾಗೆ ಹತ್ತು ಜನ ಕೊಟ್ಟರೆ ಆ ಬೀದಿಯ ಬೆಲೆ ಏರುತ್ತದೆ. ಅಲ್ಲೇ ಹುಟ್ಟಿ ಬೆಳೆದ ಗುಮಾಸ್ತನ ಮಗ ಊರ ಹೊರಗೆ ಬಾಡಿಗೆ ಹುಡುಕಬೇಕಾಗುತ್ತದೆ. ಅಲ್ಲಿಯೂ ಒಂದು ವಿಜಯನಗರ, ಒಂದು ಜಯನಗರ, ಒಂದು ಜೆ.ಪಿ. ನಗರ, ಒಂದು ಹೆಬ್ಬಾಳ ಇವೆ. ಹೆಸರುಗಳ ಜೊತೆಗೆ ನಾವು ಇಲ್ಲಿ ಬಿಟ್ಟುಹೋದ ಗದ್ದಲವನ್ನೂ ಅಲ್ಲಿಗೆ ಹೊತ್ತುಕೊಂಡು ಹೋಗಬೇಕೇ? ಮನೆಗೆರಡು ಕಾರು ಒಯ್ದು, ಕೊಳವೆ ಬಾವಿ ಕೊರೆಸಿ, "ಅಯ್ಯೋ, ಮೈಸೂರೂ ಕೆಟ್ಟಿತು" ಎನ್ನುವವರೂ ನಾವೇ.

ಇಲ್ಲಿ ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಒಂದು ಮಾತಿದೆ, ಹೆಚ್ಚು ಜನ ಗಮನಿಸಿರಲಾರರು. 1983ರ ಸಂಹಿತೆಯ 102ನೇ ವಿಧಿ ಒಬ್ಬ ವಿಶ್ವಾಸಿ ಯಾವ ಧರ್ಮಕೇಂದ್ರಕ್ಕೆ ಸೇರಿದವನು ಎಂಬುದನ್ನು ಅವನ ನಿವಾಸದಿಂದ ನಿರ್ಧರಿಸಲು ದಾರಿ ಮಾಡುತ್ತದೆ. ಐದು ವರ್ಷ ಪೂರ್ತಿ ಒಂದು ಕಡೆ ವಾಸವಿದ್ದರೆ ಅವನು ಅಲ್ಲಿಯವನು. ಆದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಇಲ್ಲಿಯೇ ನೆಲೆಸುತ್ತೇನೆ ಎಂಬ ಮನಸ್ಸಿನಿಂದ ಬಂದು ವಾಸ ಹೂಡಿದರೆ ಮೊದಲ ದಿನದಿಂದಲೇ ಅವನು ಅಲ್ಲಿಯವನು. ನೋಡಿ, ಕಾನೂನು ಕೂಡ ಮನಸ್ಸನ್ನು ಕೇಳುತ್ತದೆ! ಮೈಸೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಮನಸ್ಸು ಇಟ್ಟುಕೊಂಡವರನ್ನು ನೀವು ಕಂಡಿರುತ್ತೀರಿ. ಅಲ್ಲಿನ ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ಹೋಗುವುದಿಲ್ಲ, ಏಕೆಂದರೆ "ನಮ್ಮ ಚರ್ಚು ಬೆಂಗಳೂರಿನದು." ಇಲ್ಲಿನ ಕೆಲಸಕ್ಕೆ ಕರೆದರೆ "ನಾವೀಗ ಮೈಸೂರಿನಲ್ಲಿದ್ದೇವೆ." ಎರಡು ಕಡೆಯೂ ಅತಿಥಿಗಳು, ಎಲ್ಲಿಯೂ ಮನೆಯವರಲ್ಲ. ಸಂತ ಫಿಲೋಮಿನಾ ಮಹಾದೇವಾಲಯದ ಗೋಪುರಗಳನ್ನು ನೋಡಲು ಪ್ರವಾಸಿಗಳೂ ಬರುತ್ತಾರೆ. ನೆಲೆಸಲು ಬಂದವನಿಗೂ ಪ್ರವಾಸಿಗೂ ವ್ಯತ್ಯಾಸ ಬೇಡವೇ?

ಹೋಗುವುದು ಪಾಪವಲ್ಲ, ಉಳಿಯುವುದು ಪುಣ್ಯವಲ್ಲ. ಬೀದಿಗೆ, ಕಟ್ಟಡಕ್ಕೆ ನಾವು ಯಾವ ಸಾಲವನ್ನೂ ತೀರಿಸಬೇಕಾಗಿಲ್ಲ. ಸಾಲ ಇರುವುದು ವ್ಯಕ್ತಿಗಳಿಗೆ. ಹತ್ತು ವರ್ಷ ನಿಮ್ಮ ಮನೆ ಪಾತ್ರೆ ತೊಳೆದವಳಿಗೆ ತಿಂಗಳ ಮುಂಚೆ ಹೇಳಿ ಬೇರೆ ಮನೆ ಹುಡುಕಿಕೊಟ್ಟಿರಾ? ವಿನ್ಸೆಂಟ್ ಡಿ ಪೌಲ್ ಸಭೆಯ ಮೂಲಕ ನೀವು ನೋಡಿಕೊಳ್ಳುತ್ತಿದ್ದ ಮುದುಕರನ್ನು ಇನ್ನೊಬ್ಬರಿಗೆ ಒಪ್ಪಿಸಿದಿರಾ? ನವೆಂಬರ್ 2ರಂದು ಅಜ್ಜನ ಸಮಾಧಿಗೆ ಮೇಣದಬತ್ತಿ ಹಚ್ಚಲು ಯಾರು ಬರುತ್ತಾರೆ? ಇವಕ್ಕೆ ಉತ್ತರ ಹೇಳಿ ಹೊರಟವನು ತಲೆಯೆತ್ತಿ ಹೋಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಹೆಚ್ಚು ಕಳೆದುಕೊಳ್ಳುವವರು ಮೊದಲು ಮಾತಾಡಲಿ, ಹೆಚ್ಚು ಗಳಿಸುವವರು ಕೊನೆಗೆ. ಮೇಲೆ ಹೇಳಿದ ಮನೆಯಲ್ಲಿ ಮೊದಲು ಸೊಸೆ, ಆಮೇಲೆ ಅಮ್ಮ, ಕೊನೆಗೆ ಮಗ. ಸೊಸೆಗೆ ಅಲ್ಲಿ ಕೆಲಸ ಸಿಗುವ ತನಕ ಮನೆ ಖಾಲಿ ಮಾಡಬೇಡಿ. ನಂದಿನಿ ಲೇಔಟಿನ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟು, ಅಲ್ಲಿಯೂ ಬಾಡಿಗೆಗೇ ಇದ್ದು ಒಂದು ವರ್ಷ ನೋಡಿ. ದಸರೆಯ ಮೈಸೂರನ್ನು ನೋಡಿ ತೀರ್ಮಾನಿಸಬೇಡಿ. ಏಪ್ರಿಲ್ ತಿಂಗಳ ಮೈಸೂರನ್ನು ನೋಡಿ, ಜ್ವರ ಬಂದ ರಾತ್ರಿಯ ಮೈಸೂರನ್ನು ನೋಡಿ. ಮಗನಿಗೆ ಬೇಕಾದದ್ದು ಮೈಸೂರೇ ಅಥವಾ ಸಂಜೆ ಆರಕ್ಕೆ ಮನೆ ಸೇರುವುದೇ ಎಂಬುದನ್ನೂ ಬಿಡಿಸಿ ಕೇಳಿ. ಎರಡನೆಯದಾದರೆ, 2014ರಿಂದ ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ನಿಲ್ಲುತ್ತಿದೆ. ಆ ದಾರಿಯಲ್ಲಿರುವ ಆಫೀಸಿಗೆ ಬದಲಾಯಿಸಿಕೊಂಡು ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ ಎನ್ನಲು ಅವನು ಸಿದ್ಧನೇ? ಸಾಮಾನು ಕಟ್ಟುವುದಕ್ಕಿಂತ ಅದು ಅಗ್ಗದ ದಾರಿ.

ಹೋಗುವುದೇ ಎಂದಾದರೆ ಹೊರಡುವ ಮುಂಚಿನ ಭಾನುವಾರ ಗುರುಗಳನ್ನು ಕಂಡು ಒಂದು ಪತ್ರ ಪಡೆಯಿರಿ, ಮಕ್ಕಳ ಸ್ನಾನದೀಕ್ಷೆಯ ಪ್ರಮಾಣಪತ್ರಗಳನ್ನು ಕೇಳಿ ಇಟ್ಟುಕೊಳ್ಳಿ. ಮೈಸೂರಿಗೆ ಹೋದ ಮೊದಲ ವಾರವೇ ಅಲ್ಲಿನ ಧರ್ಮಕೇಂದ್ರದಲ್ಲಿ ಕುಟುಂಬದ ಹೆಸರು ಬರೆಸಿ. ಅಮ್ಮನ ಹೆಸರನ್ನು ಮೊದಲು ಹೇಳಿ, ಅವರನ್ನು ಜೊತೆಗೇ ಕರೆದುಕೊಂಡು ಹೋಗಿ. ಗುರುಗಳಿಗೂ ಪಕ್ಕದ ಬೆಂಚಿನವರಿಗೂ ಅವರ ಮುಖ ಪರಿಚಯವಾಗಲಿ.