ಮುರಿಯಲೆಂದೇ ಇಟ್ಟ ಕೊಳವೆ

1968ರ ಜೂನಿನಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿಬರಲು ಇಂಗ್ಲೆಂಡಿನಿಂದ ಹೊರಟ ‘ಸುಹೈಲಿ’ ನಮ್ಮ ಮುಂಬಯಿಯಲ್ಲಿ ಕಟ್ಟಿದ ತೇಗದ ಹಾಯಿದೋಣಿ. ಯಾನಕ್ಕೆ 312 ದಿನ ಹಿಡಿಯಿತು. ಅಷ್ಟು ದಿನವೂ ಒಬ್ಬನೇ ಚುಕ್ಕಾಣಿ ಹಿಡಿದು ಕೂರಲಾರ. ಉಣ್ಣಬೇಕು, ನಿದ್ದೆ ಮಾಡಬೇಕು. ಆ ಹೊತ್ತಿನಲ್ಲಿ ದಿಕ್ಕು ಕಾಯಲು ಗಾಳಿಯಿಂದಲೇ ನಡೆಯುವ ಸ್ವಯಂಚಾಲಿತ ಚುಕ್ಕಾಣಿ ಇರುತ್ತದೆ. ಸುಹೈಲಿಯದು ದಾರಿಯಲ್ಲೇ ಕೆಟ್ಟಿತು. ಹಾಯಿಗಳನ್ನು ಹದವಾಗಿ ಕಟ್ಟಿಕೊಂಡು ಅವರು ಯಾನ ಮುಗಿಸಿದರು. ಆ ಓಟದ ನೆನಪಿಗೆ ನಡೆಯುವ ಸ್ಪರ್ಧೆಯಲ್ಲಿ 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ ಮಲಯಾಳಿ ನಾವಿಕ ಅಭಿಲಾಷ್ ಟೋಮಿಯವರಿಗೂ ಇಂಥದೇ ಯಂತ್ರ ಆಸರೆ. ವಿದ್ಯುತ್ತಿನ ಚುಕ್ಕಾಣಿಗೆ ಅಲ್ಲಿ ಅನುಮತಿಯಿಲ್ಲ.

ಉಪಾಯ ಸರಳ. ದೋಣಿಯ ಹಿಂತುದಿಯಲ್ಲಿ ಗಾಳಿಗೊಡ್ಡಿದ ಒಂದು ಹಗುರ ಹಲಗೆ. ದೋಣಿ ದಾರಿ ತಪ್ಪಿದರೆ ಹಲಗೆ ವಾಲುತ್ತದೆ. ವಾಲಿದ್ದು ನೀರಿಗೆ ಇಳಿಬಿಟ್ಟ ಹುಟ್ಟನ್ನು ತುಸು ತಿರುಗಿಸುತ್ತದೆ. ಹರಿಯುವ ನೀರು ಆ ಹುಟ್ಟನ್ನು ಬಲವಾಗಿ ಪಕ್ಕಕ್ಕೆ ತಳ್ಳಿದಾಗ ಅದಕ್ಕೆ ಕಟ್ಟಿದ ಹಗ್ಗ ಚುಕ್ಕಾಣಿಯನ್ನು ಎಳೆಯುತ್ತದೆ.

ಮೂವತ್ತು ನಲವತ್ತು ವರ್ಷ ಉಪ್ಪುನೀರು ಕುಡಿದ ಯಂತ್ರವನ್ನು ಮತ್ತೆ ನಡೆಸುವುದು ತಾಳ್ಮೆಯ ಕೆಲಸ. ಅಲ್ಯೂಮಿನಿಯಂ ಮೈಗೆ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು. ನಡುವೆ ಉಪ್ಪುನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಂ, ಸ್ಟೀಲು ಹೊಳೆಯುತ್ತಲೇ ಇರುತ್ತದೆ. ಬಿಳಿ ಪುಡಿಯಾಗಿ ಉಬ್ಬಿದ ಕಿಲುಬು ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಎಣ್ಣೆ ಬಿಟ್ಟು ಕಾಯಬೇಕು, ಹದವಾಗಿ ಬಿಸಿ ಮಾಡಬೇಕು. ಹಟದಿಂದ ತಿರುಗಿಸಿದರೆ ಬೋಲ್ಟಿನ ತಲೆಯೇ ಮುರಿದು ಕೈಗೆ ಬರುತ್ತದೆ. ಮರಳಿ ಜೋಡಿಸುವಾಗ ಎರಡು ಲೋಹ ತಾಗದಂತೆ ನಡುವೆ ನೈಲಾನ್ ಬಿಲ್ಲೆಯನ್ನೋ ಕುರಿಯುಣ್ಣೆಯ ಜಿಡ್ಡನ್ನೋ ಇಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಭಾಗ. ಕೆಲವು ಮಾದರಿಗಳಲ್ಲಿ ಹುಟ್ಟಿನ ದಂಡದ ನಡುವೆ ಬೇಕೆಂದೇ ದುರ್ಬಲವಾಗಿಸಿದ ಒಂದು ಕೊಳವೆ ಇರುತ್ತದೆ. ತೇಲುವ ದಿಮ್ಮಿ ಬಡಿದಾಗ ಕೊಳವೆ ಮುರಿಯುತ್ತದೆ, ಯಂತ್ರ ಉಳಿಯುತ್ತದೆ. ದುರಸ್ತಿಗೆ ಕೂತವನಿಗೆ ಅಲ್ಲಿ ಗಟ್ಟಿ ಕೊಳವೆ ಹಾಕುವ ಆಸೆಯಾಗಬಹುದು. ಹಾಕಿದರೆ ಮುಂದಿನ ಪೆಟ್ಟಿಗೆ ಹೋಗುವುದು ಬೇರೆ ದೊಡ್ಡ ಭಾಗ. ತಿಳಿದವರು ಅಂಥದೇ ಕೊಳವೆ ಹಾಕಿ, ಬದಲಿಗೆ ಒಂದೆರಡನ್ನು ಜತೆಗೆ ಒಯ್ಯುತ್ತಾರೆ.

ಆ ಕೊಳವೆಯದು ತ್ಯಾಗವೇ? ಅಲ್ಲ, ಬಲಿ. ತ್ಯಾಗ ತಾನಾಗಿ ಮಾಡುವುದು. ಬಲಿ ಇನ್ನೊಬ್ಬರು ಕೊಡುವುದು. ಕನ್ನಡದಲ್ಲೂ ಮಲಯಾಳದಲ್ಲೂ ಎರಡು ಪದಗಳೂ ಇವೆ, ಆದರೂ ಬೆರೆಸಿಬಿಡುತ್ತೇವೆ. ಲೋಹದ ಮಟ್ಟಿಗೆ ಅದರಿಂದ ಕೇಡಿಲ್ಲ. ಆದರೆ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ತಮ್ಮಂದಿರ ಓದಿಗಾಗಿ ಶಾಲೆ ಬಿಟ್ಟು ಬೀಡಿ ಕಟ್ಟಿದ ಅಕ್ಕ ಒಬ್ಬಳಿದ್ದಾಳೆ. ‘ಅಕ್ಕನ ತ್ಯಾಗದಿಂದ ಮನೆ ಉಳಿಯಿತು’ ಎನ್ನುವಾಗ ತಮ್ಮಂದಿರ ಕಣ್ಣು ಒದ್ದೆಯಾಗುವುದು ಸುಳ್ಳಲ್ಲ. ಆದರೆ ಹತ್ತು ಹನ್ನೆರಡರ ಹುಡುಗಿಯನ್ನು ಅಂದು ಯಾರು ಕೇಳಿದರು? ಅವಳೇ ಒಪ್ಪಿದ್ದಳು ಎನ್ನುವವರುಂಟು. ಒಲ್ಲೆ ಎನ್ನಲು ದಾರಿಯಿಲ್ಲದವಳ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಲು ನನಗೆ ಮನಸ್ಸಾಗುವುದಿಲ್ಲ. ಮನೆಯಲ್ಲಿ ಬೇರೆ ಉಪಾಯವೇ ಇರಲಿಲ್ಲವೆಂಬುದೂ ನಿಜವಿರಬಹುದು. ಆಗಲೂ ಅದರ ಹೆಸರು ಬಲಿಯೇ. ತ್ಯಾಗವೆಂದರೆ ಕೊಟ್ಟವಳ ಹಿರಿಮೆಯಲ್ಲಿ ಲೆಕ್ಕ ಮುಗಿಯುತ್ತದೆ. ಬಲಿಯೆಂದರೆ ಪಡೆದವನ ತಲೆಯ ಮೇಲೆ ಸಾಲ ಉಳಿಯುತ್ತದೆ. ಪಾಲುಪತ್ರದ ದಿನ ಕಾಗದ ಚಾಚಿ, ‘ಹಕ್ಕು ಬಿಟ್ಟೆನೆಂದು ಇಲ್ಲೊಂದು ಸಹಿ ಹಾಕಕ್ಕಾ’ ಎನ್ನುವ ತಮ್ಮನಿಗೆ ಇವೆರಡರಲ್ಲಿ ಯಾವ ಪದ ಅನುಕೂಲವೆಂದು ಬೇರೆ ಹೇಳಬೇಕಾಗಿಲ್ಲ.