ಬೇಡದ ಮರ, ಬೇಕಾದ ಬೆಂಕಿ

ಒಂದು ನೆಲದ ಮೂಲ ಸಸ್ಯಸಂಪತ್ತನ್ನು ಮರಳಿ ತರಬೇಕಾದರೆ, ಅಲ್ಲಿ ಆಮೇಲೆ ಬಂದು ಹಬ್ಬಿಕೊಂಡ ಮರಗಿಡಗಳನ್ನು ಎಷ್ಟೋ ವೇಳೆ ಕಡಿಯಲೇಬೇಕಾಗುತ್ತದೆ. ಕಡಿದದ್ದನ್ನು ಇದ್ದಿಲಾಗಿಯೋ ವಿದ್ಯುತ್ ಸ್ಥಾವರದ ಬಾಯ್ಲರಿಗೆ ಉರುವಲಾಗಿಯೋ ಮಾರಿ, ಬಂದ ಹಣದಲ್ಲೇ ಪುನಶ್ಚೇತನದ ವೆಚ್ಚವನ್ನು ತೂಗಿಸಬಹುದು ಎಂಬ ಆಲೋಚನೆ ಈಗ ಹಲವು ದೇಶಗಳಲ್ಲಿ ಬಲಗೊಂಡಿದೆ. ನಮೀಬಿಯಾದ ಹುಲ್ಲುಗಾಡುಗಳಲ್ಲಿ ದಟ್ಟೈಸಿದ ಮುಳ್ಳುಪೊದೆಗಳು ಇದ್ದಿಲಾಗಿ ಹೊರದೇಶಗಳಿಗೆ ಹೋಗುತ್ತಿರುವುದು ಇದಕ್ಕೊಂದು ಉದಾಹರಣೆ. ಆರ್ಥಿಕವಾಗಿ ಇಷ್ಟು ಅಚ್ಚುಕಟ್ಟಾಗಿ ಕಾಣುವ ಈ ಯೋಜನೆಯ ಒಳಗೆ ಧರ್ಮಜಿಜ್ಞಾಸೆಯ ಎರಡು ಹಳೆಯ ಪ್ರಶ್ನೆಗಳು ಅಡಗಿವೆ. ಜೀವವೊಂದನ್ನು ಕೊಲ್ಲುವ ಕ್ರಿಯೆಯು ಇತರ ಜೀವಗಳ ಹಿತವೆಂಬ ಉದ್ದೇಶದಿಂದ ದೋಷಮುಕ್ತವಾಗುತ್ತದೆಯೇ ಎಂಬುದು ಮೊದಲನೆಯದು. ಆಗುತ್ತದೆ ಎಂದೇ ಇಟ್ಟುಕೊಂಡರೂ, ಕೊಂದವನಿಗೆ ಅದರಿಂದ ಜೀವನೋಪಾಯ ದೊರೆಯತೊಡಗಿದ ಮೇಲೆ ಆ ಉದ್ದೇಶ ಉದ್ದೇಶವಾಗಿಯೇ ಉಳಿಯುತ್ತದೆಯೇ ಎಂಬುದು ಎರಡನೆಯದು. ಚರ್ಚೆಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಗಮನ ಸಿಕ್ಕಿದೆಯಾದರೂ ಎರಡನೆಯದೇ ಹೆಚ್ಚು ಕಠಿಣವಾದುದು.

ಭಾರತದಲ್ಲಿ ಈ ಪ್ರಶ್ನೆಗಳು ಸ್ಪಷ್ಟವಾಗಿ ಎದುರಾಗುವುದು ಗುಜರಾತಿನ ಕಛ್ ಜಿಲ್ಲೆಯ ಬನ್ನಿ ಎಂಬ ಹುಲ್ಲುಗಾವಲಿನಲ್ಲಿ. ಮಹಾ ರಣ್ ಎಂಬ ಉಪ್ಪುಬಯಲಿನ ದಕ್ಷಿಣದ ಅಂಚಿನಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ಬಯಲು, ಮಾಲಧಾರಿಗಳೆಂಬ ಪಶುಪಾಲಕರಿಗೆ ತಲೆಮಾರುಗಳಿಂದ ಸಾಮೂಹಿಕ ಮೇವಿನ ನೆಲವಾಗಿತ್ತು. ಅವರ ಕಾಂಕ್ರೇಜ್ ದನಗಳೂ, ರಾತ್ರಿಯ ಹೊತ್ತು ಮೇಯಲು ಹೋಗುವ ಬನ್ನಿ ಎಮ್ಮೆಗಳೂ ಅಲ್ಲಿನ ಹುಲ್ಲನ್ನೇ ನಂಬಿದ್ದವು. ರಣ್‌ನ ಉಪ್ಪು ಒಳನಾಡಿಗೆ ಸರಿಯುತ್ತಿದೆ ಎಂಬ ಭಯದಿಂದ 1961ರಲ್ಲಿ ಅರಣ್ಯ ಇಲಾಖೆಯು 31,000 ಹೆಕ್ಟೇರಿಗೂ ಮಿಕ್ಕಿದ ಪ್ರದೇಶದಲ್ಲಿ ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಮುಳ್ಳುಮರವನ್ನು ಬೆಳೆಸಿತು. ಮಧ್ಯ ಹಾಗೂ ದಕ್ಷಿಣ ಅಮೆರಿಕದಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದ ಈ ಮರ ಕಛ್‌ನಲ್ಲಿ ಗಾಂಡೋ ಬಾವಳ್, ತಮಿಳುನಾಡಿನಲ್ಲಿ ಸೀಮೈ ಕರುವೇಲಂ, ಕರ್ನಾಟಕದ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಎಂದು ಕರೆಸಿಕೊಳ್ಳುತ್ತದೆ. ದನಗಳು ಅದರ ಸಿಹಿ ಕಾಯಿಗಳನ್ನು ತಿಂದು ಸಗಣಿಯೊಡನೆ ಬೀಜ ಚೆಲ್ಲುತ್ತ ಹೋದುದರಿಂದ ಅದು ನೆಟ್ಟ ಎಲ್ಲೆಗಳನ್ನು ಮೀರಿ ಹಬ್ಬಿ, ಇಂದು ಬನ್ನಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದೆ. ಅದರ ನೆರಳಿನಲ್ಲಿ ಹುಲ್ಲು ಕ್ಷೀಣಿಸಿತು. ಆ ಕಾಯಿಗಳನ್ನೇ ಹೆಚ್ಚಾಗಿ ತಿಂದ ಹಸುಗಳು ಕಾಯಿಲೆ ಬಿದ್ದವು. ಬಯಲನ್ನೇ ಬಯಸುವ ಹಕ್ಕಿಗಳಿಗೆ ನೆಲೆ ಕಡಿಮೆಯಾಯಿತು.

ಈ ಮರವನ್ನು ಕಡಿಯುವುದಕ್ಕೆ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ ಅದು ಪರದೇಶದ್ದು ಎಂಬುದು. ಈ ವಾದ ತೀರ ತೆಳುವಾದುದು. ಮೆಣಸಿನಕಾಯಿ, ಕಡಲೆಕಾಯಿ, ಮೆಕ್ಕೆಜೋಳ ಇವೆಲ್ಲವೂ ಅದೇ ಅಮೆರಿಕದಿಂದ ಬಂದವುಗಳೇ ಆಗಿದ್ದು, ಅವನ್ನು ಹೊರದಬ್ಬಬೇಕೆಂದು ಯಾರೂ ಹೇಳುವುದಿಲ್ಲ. ಹುಟ್ಟಿದ ಊರನ್ನೇ ಅಪರಾಧವೆಂದೆಣಿಸುವ ತರ್ಕವು ಗಿಡಮರಗಳಲ್ಲಿಗೇ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಅಲ್ಲದೆ ಈ ಮರ ತಾನಾಗಿ ದಂಡೆತ್ತಿ ಬಂದದ್ದಲ್ಲ, ಕರೆತಂದು ನೆಟ್ಟವರು ಮನುಷ್ಯರು. ಆದ್ದರಿಂದ ಕಡಿಯುವುದಕ್ಕೆ ಕಾರಣವೇನಾದರೂ ಇದ್ದರೆ ಅದು ಮರದ ಮೂಲದಲ್ಲಲ್ಲ, ಅದರಿಂದ ಇತರ ಜೀವಗಳಿಗೆ ಆಗುತ್ತಿರುವ ಹಾನಿಯಲ್ಲಿ ಇರಬೇಕು.

ಆದರೆ ಹಾನಿಯ ಲೆಕ್ಕವನ್ನು ಯಾವ ಘಟಕದಲ್ಲಿ ಹಾಕಬೇಕೆಂಬ ಬಗ್ಗೆ ಆಧುನಿಕ ಪರಿಸರ ನೀತಿಶಾಸ್ತ್ರದಲ್ಲಿ ಒಮ್ಮತವಿಲ್ಲ. 1949ರಲ್ಲಿ ಪ್ರಕಟವಾದ ಆಲ್ಡೋ ಲಿಯೋಪೋಲ್ಡ್ ಅವರ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ ಕೃತಿಯ ಭೂನೀತಿಯ ಪ್ರಕಾರ ಮಣ್ಣು, ನೀರು, ಸಸ್ಯ, ಪ್ರಾಣಿಗಳೆಲ್ಲ ಸೇರಿದ ಜೀವಸಮುದಾಯವೇ ನೈತಿಕ ಘಟಕ; ಅದರ ಒಟ್ಟಂದವನ್ನು ಕಾಯುವ ಕಡಿತಲೆ ಸರಿ, ಕೆಡಿಸುವ ಕಡಿತಲೆ ತಪ್ಪು. ಇದಕ್ಕೆ ಪ್ರತಿಯಾಗಿ ಪಾಲ್ ಟೇಲರ್ 1986ರ ‘ರೆಸ್ಪೆಕ್ಟ್ ಫಾರ್ ನೇಚರ್’ ಕೃತಿಯಲ್ಲಿ ಪ್ರತಿಯೊಂದು ಸಸ್ಯಕ್ಕೂ ತನ್ನದೇ ಆದ ಒಂದು ಹಿತವಿದೆ, ಅದು ತನ್ನ ಬದುಕಿನ ಗುರಿಯತ್ತ ತಾನೇ ಸಾಗುವ ಕೇಂದ್ರ ಎಂದು ಪ್ರತಿಪಾದಿಸಿ, ಅದಕ್ಕೆ ಕೇಡು ಮಾಡಿದವರು ಪ್ರತಿಯಾಗಿ ಪರಿಹಾರ ಸಲ್ಲಿಸಬೇಕೆಂಬ ತತ್ತ್ವವನ್ನೂ ಸೇರಿಸಿದ್ದಾರೆ. ಲಿಯೋಪೋಲ್ಡರ ದಾರಿಯಲ್ಲಿ ಜಾಲಿಯ ಸಾವಿಗೆ ಲೆಕ್ಕವೇ ಇಲ್ಲದಂತಾಗುವ ಅಪಾಯವಿದೆ. ಟೇಲರರ ದಾರಿಯಲ್ಲಿ ಹುಲ್ಲುಗಾವಲು ಎಂಬ ಸಮುದಾಯವೇ ಕಣ್ಮರೆಯಾಗಿ ಒಂದು ಜಾಲಿ, ಒಂದು ಹುಲ್ಲುಕಡ್ಡಿ, ಒಂದು ಹಕ್ಕಿ ಎಂಬ ಬಿಡಿಬಿಡಿ ಲೆಕ್ಕಗಳಷ್ಟೇ ಉಳಿಯುತ್ತವೆ.

ಈ ಇಕ್ಕಟ್ಟನ್ನು ಜೈನ ಚಿಂತಕರು ಬಹು ಹಿಂದೆಯೇ, ಬೇರೆ ಭಾಷೆಯಲ್ಲಿ, ಇನ್ನಷ್ಟು ಸೂಕ್ಷ್ಮವಾಗಿ ಎದುರಿಸಿದ್ದರು. ಜೈನ ದರ್ಶನದಲ್ಲಿ ಸಸ್ಯವು ಏಕೇಂದ್ರಿಯ ಜೀವ, ಅಂದರೆ ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ, ಆದರೆ ಪೂರ್ಣಾರ್ಥದಲ್ಲಿ ಜೀವವೇ ಆದ ತತ್ತ್ವ. ಅದನ್ನು ಕಡಿಯುವುದು ಹಿಂಸೆಯೇ ಹೊರತು ಬರಿಯ ವಸ್ತುವಿನ ಬಳಕೆಯಲ್ಲ. ಆದರೂ ಗೃಹಸ್ಥನು ಬದುಕಬೇಕಾದುದರಿಂದ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಯಿತು: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ, ಅಡುಗೆ ಮೊದಲಾದ ಮನೆವಾರ್ತೆಯಲ್ಲಿ ಆಗುವ ಆರಂಭೀ ಹಿಂಸೆ, ವೃತ್ತಿಯಲ್ಲಿ ಆಗುವ ಉದ್ಯೋಗೀ ಹಿಂಸೆ, ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ. ಇವುಗಳಲ್ಲಿ ಮೊದಲನೆಯದು ಗೃಹಸ್ಥನಿಗೂ ಸಂಪೂರ್ಣ ನಿಷಿದ್ಧ. ಉಳಿದವು ಅನಿವಾರ್ಯವೆಂದು ಸಹಿಸಲ್ಪಟ್ಟವೇ ಹೊರತು ಪುಣ್ಯವೆಂದು ಕೊಂಡಾಡಲ್ಪಟ್ಟವಲ್ಲ. ಬನ್ನಿಯ ಜಾಲಿಯನ್ನು ಕಡಿಯುವವನ ಕೆಲಸ ಈ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಕೇಳಿದರೆ ಉತ್ತರ ಜಾರುತ್ತದೆ. ಹುಲ್ಲುಗಾವಲಿನ ಪರವಾಗಿ ಕಡಿಯುವಾಗ ಅದು ವಿರೋಧೀ ಹಿಂಸೆಯಂತೆ ತೋರುತ್ತದೆ. ಇದ್ದಿಲಿನ ಮೂಟೆಗೆ ಬೆಲೆ ಬಂದ ಗಳಿಗೆಯಿಂದ ಅದೇ ಕೊಡಲಿಯ ಏಟು ಉದ್ಯೋಗೀ ಹಿಂಸೆಯಾಗಿ ಮಾರ್ಪಡುತ್ತದೆ. ಮರ ಬದಲಾಗಿಲ್ಲ, ಕಡಿಯುವ ಕೈಯೂ ಬದಲಾಗಿಲ್ಲ.

ಆ ಉದ್ಯೋಗಕ್ಕೂ ಶಾಸ್ತ್ರದ ಒಪ್ಪಿಗೆಯಿಲ್ಲ ಎಂಬುದು ಇನ್ನೂ ಕುತೂಹಲದ ಸಂಗತಿ. ಶ್ವೇತಾಂಬರರ ಆಗಮಗಳಲ್ಲೊಂದಾದ ಉಪಾಸಕದಶಾ ಗ್ರಂಥವು ಶ್ರಾವಕನು, ಅಂದರೆ ಜೈನ ಗೃಹಸ್ಥನು, ತ್ಯಜಿಸಬೇಕಾದ ಹದಿನೈದು ವೃತ್ತಿಗಳನ್ನು, ಅಂದರೆ ಕರ್ಮಾದಾನಗಳನ್ನು, ಪಟ್ಟಿ ಮಾಡುವಾಗ ಮೊದಲಿಗೇ ಇಡುವುದು ಅಂಗಾರಕರ್ಮವನ್ನು, ಎಂದರೆ ಇದ್ದಿಲು ಸುಡುವಂಥ ಬೆಂಕಿಯ ಕಸುಬನ್ನು. ಅದರ ಬೆನ್ನಿಗೇ ಬರುವುದು ವನಕರ್ಮ, ಅಂದರೆ ಕಾಡು ಕಡಿದು ಮಾರುವ ಕಸುಬು. ಕಾಡಿಗೆ ಕಿಚ್ಚಿಡುವ ಕೆಲಸವೂ ಅದೇ ಪಟ್ಟಿಯಲ್ಲಿದೆ. ಕಟ್ಟಿಗೆಯ ಒಳಗಿನ ಹುಳುಹುಪ್ಪಟೆಗಳು, ನೆಲದ ಮೇಲಿನ ಸಣ್ಣ ಜೀವಗಳು, ಬೆಂಕಿಯ ಎಲ್ಲೆಯಿಲ್ಲದ ಸ್ವಭಾವ ಇವೆಲ್ಲ ಈ ನಿಷೇಧದ ಹಿಂದೆ ಇವೆ. ಇದನ್ನು ಹಳೆಯ ಕಾಲದ ವ್ಯಾಪಾರಿ ಸಮುದಾಯದ ಮಡಿವಂತಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಪಟ್ಟಿಯ ತಿರುಳು ಇನ್ನೊಂದು ಕಡೆಗೂ ಕೈತೋರುತ್ತದೆ. ಒಂದು ಸಲದ ಹಿಂಸೆಗಿಂತ, ದಿನದ ಅನ್ನ ಹುಟ್ಟುವುದಕ್ಕೆ ಹಿಂಸೆ ನಡೆಯುತ್ತಲೇ ಇರಬೇಕಾದ ಜೀವನಕ್ರಮವನ್ನು ಅದು ಹೆಚ್ಚು ಅಪಾಯಕರವೆಂದು ಪರಿಗಣಿಸಿದೆ.

ಈ ಮಾತಿನ ನಿಜ ಬನ್ನಿಯಲ್ಲಿ ಕಾಣುತ್ತದೆ. ಬುಡಕ್ಕೆ ಕಡಿದ ಜಾಲಿ ಸಾಯುವುದಿಲ್ಲ. ಕೊರಡಿನಿಂದ ಹಲವು ಚಿಗುರುಗಳೊಡೆದು, ಒಂಟಿ ಕಾಂಡದ ಮರವಿದ್ದ ಕಡೆ ದಟ್ಟ ಪೊದೆಯೇಳುತ್ತದೆ. ಬೇರುಸಹಿತ ಕೀಳುವುದು ಹೆಚ್ಚು ಶ್ರಮದ, ಹೆಚ್ಚು ಖರ್ಚಿನ ಕೆಲಸ. ಮಣ್ಣುಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ಕಟ್ಟಿಗೆ ಬೇಕಾಗುವುದರಿಂದ, ಬೇರನ್ನು ಬಿಟ್ಟು ಕೊಂಬೆಗಳನ್ನಷ್ಟೇ ಕಡಿದು, ಮೂರ್ನಾಲ್ಕು ವರ್ಷಗಳಲ್ಲಿ ಅದೇ ಬುಡಕ್ಕೆ ಮರಳುವುದು ಸುಡುವವನಿಗೆ ಲಾಭದಾಯಕ. 2004ರಲ್ಲಿ ಅಲ್ಲಿ ಇದ್ದಿಲು ತಯಾರಿಕೆಯ ಮೇಲಿನ ನಿರ್ಬಂಧವನ್ನು ಸಡಿಲಿಸಿ 2008ರಲ್ಲಿ ಮತ್ತೆ ಹೇರಲಾಯಿತು. ಈ ನಡುವೆ ಇದ್ದಿಲು ಅನೇಕ ಕುಟುಂಬಗಳ ಆದಾಯದ ಭಾಗವೇ ಆಗಿಹೋಯಿತು. ಯಾವ ಮರವನ್ನು ಪಿಡುಗೆಂದು ಕರೆಯಲಾಗಿತ್ತೋ ಅದೇ ಮರ ಬೆಳೆಯಾಯಿತು, ಕಡಿತಲೆ ಕೃಷಿಯಾಯಿತು. ಹುಲ್ಲು ಮರಳಬೇಕೆನ್ನುವ ಎಮ್ಮೆಯ ಒಡೆಯನಿಗೂ, ಜಾಲಿ ಉಳಿಯಬೇಕೆನ್ನುವ ಇದ್ದಿಲಿನ ಕೂಲಿಗೂ ಒಂದೇ ಹಳ್ಳಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಬೇರೆಬೇರೆ ಹಿತಗಳು ಹುಟ್ಟಿಕೊಂಡವು.

ಸಣ್ಣ ಇದ್ದಿಲುಗೂಡಿನ ಜಾಗದಲ್ಲಿ ಜೈವಿಕ ಇಂಧನದ ವಿದ್ಯುತ್ ಸ್ಥಾವರವನ್ನಿಟ್ಟು ನೋಡಿದರೆ ಈ ವಿರೋಧ ಇನ್ನಷ್ಟು ತೀಕ್ಷ್ಣವಾಗುತ್ತದೆ. ಕಟ್ಟಿಗೆ ಸುಟ್ಟು ಪಡೆದ ವಿದ್ಯುತ್ತು ವಾತಾವರಣಕ್ಕೆ ಭಾರವಲ್ಲ ಎಂಬ ವಾದ ನಿಂತಿರುವುದು, ಸುಟ್ಟಾಗ ಹೊರಬಿದ್ದ ಇಂಗಾಲವನ್ನು ಮತ್ತೆ ಬೆಳೆಯುವ ಮರ ಹೀರಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ. ಹುಲ್ಲುಗಾವಲಿನ ಪುನಶ್ಚೇತನ ನಿಂತಿರುವುದಾದರೋ ಆ ಮರ ಮತ್ತೆ ಬೆಳೆಯಬಾರದು ಎಂಬ ಸಂಕಲ್ಪದ ಮೇಲೆ. ಒಂದೇ ಎಕರೆಯಲ್ಲಿ ಇವೆರಡೂ ಒಟ್ಟಿಗೆ ಪೂರ್ತಿ ಸತ್ಯವಾಗಲಾರವು: ಮರ ಮರಳಿದರೆ ಹುಲ್ಲುಗಾವಲು ಸೋತಿತು, ಮರಳದಿದ್ದರೆ ಇಂಧನ ನವೀಕರಣೀಯವೆಂಬ ಮಾತು ಸೋತಿತು. ಹುಲ್ಲು ಕೂಡ ಬೇರಿನ ಮೂಲಕ ಮಣ್ಣಿನಲ್ಲಿ ಇಂಗಾಲವನ್ನು ಕೂಡಿಡುತ್ತದೆ, ಸುಡದೆ ಕೊಳೆಯಲು ಬಿಟ್ಟ ಮರದಿಂದಲೂ ಇಂಗಾಲ ಹೊರಬೀಳುತ್ತದೆ ಎಂಬುದು ನಿಜವೇ ಆದರೂ, ಅದು ಸಾಲದ ಒಂದಂಶವನ್ನು ತೀರಿಸುತ್ತದೆಯಷ್ಟೆ. ಎರಡು ಪ್ರಶಸ್ತಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುವ ಯೋಜನೆ ಅಸತ್ಯದ ಅಂಚಿಗೆ ಬಂದು ನಿಂತಿರುತ್ತದೆ.

ಬಾಯ್ಲರಿನ ಹಸಿವು ಒಂದು ಹಳೆಯ ಕಥೆಯನ್ನು ನೆನಪಿಗೆ ತರುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಅತಿಯಾದ ಯಜ್ಞದ ತುಪ್ಪದಿಂದ ಅಜೀರ್ಣಗೊಂಡ ಅಗ್ನಿಯು ಖಾಂಡವ ವನವನ್ನು ಉಣಿಸಾಗಿ ಬೇಡುತ್ತಾನೆ. ಕೃಷ್ಣಾರ್ಜುನರು ಕಾವಲು ನಿಂತು ಅದನ್ನು ಸುಡಿಸುತ್ತಾರೆ. ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಪಕ್ಷಿಗಳನ್ನು ಬಿಟ್ಟರೆ ಬೇರಾವ ಜೀವವೂ ಪಾರಾಗುವುದಿಲ್ಲ. ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಈ ದಹನವನ್ನು ವೀರಕಾರ್ಯವೆಂದು ಒಪ್ಪಿಕೊಳ್ಳದೆ ಅದರ ಕ್ರೌರ್ಯವನ್ನು ಎತ್ತಿ ತೋರಿಸಿದ್ದು ಪ್ರಸಿದ್ಧವಾಗಿದೆ. ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ: ಎಷ್ಟು ಸುಡಬೇಕೆಂಬುದನ್ನು ಕಥೆಯಲ್ಲಿ ನಿರ್ಧರಿಸುವುದು ಕಾಡಿನ ಸ್ಥಿತಿಯಲ್ಲ, ತಿನ್ನುವವನ ಹೊಟ್ಟೆ. ವರ್ಷಪೂರ್ತಿ ಇಂತಿಷ್ಟು ಟನ್ ಉರುವಲು ಬೇಕೆಂದು ಕಟ್ಟಲಾದ ಸ್ಥಾವರವೂ, ಜಾಲಿ ಮುಗಿದ ದಿನ, ಪಕ್ಕದ ಸ್ಥಳೀಯ ಜಾತಿಯ ಮರವನ್ನು ನೋಡದೆ ಇರಲಾರದು.

ಮತ್ತೆ ಜೈನರತ್ತ ತಿರುಗಿದರೆ, ಅವರ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ, ಅಂದರೆ ರಾಗದಿಂದಲೋ ಅಲಕ್ಷ್ಯದಿಂದಲೋ ಮಂಕಾದ ಎಚ್ಚರವನ್ನೂ, ಸೇರಿಸುತ್ತದೆ. ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯವು ಇದೇ ಎಳೆಯನ್ನು ಬೆಳೆಸಿ, ಹಿಂಸೆಯ ಫಲವು ಭಾವವನ್ನು ಅವಲಂಬಿಸುತ್ತದೆ ಎಂದು ವಿಸ್ತರಿಸುತ್ತದೆ. ಭಾವವನ್ನು ಇಲ್ಲಿ ವ್ಯಕ್ತಿಯ ಮನಸ್ಸಿನ ಸಂಗತಿಯೆಂದಷ್ಟೇ ತಿಳಿದರೆ ಸಾಲದು. ಒಂದು ಗುತ್ತಿಗೆ, ಒಂದು ಸಾಲದ ಕಂತು, ಒಂದು ಯಂತ್ರದ ಗಾತ್ರ ಇವುಗಳೂ ಪ್ರಮಾದವನ್ನು ತಮ್ಮೊಳಗೆ ಕಟ್ಟಿಕೊಂಡಿರಬಹುದು. ಕಡಿಯುವವನು ಎಷ್ಟೇ ಎಚ್ಚರದವನಾದರೂ, ಮೂಟೆಗಳ ಲೆಕ್ಕದಲ್ಲಿ ಕೂಲಿ ಕೊಡುವ ಏರ್ಪಾಡು ಅವನ ಎಚ್ಚರವನ್ನು ದಿನದಿನವೂ ಸವೆಸುತ್ತದೆ. ಹಾಗೆ ನೋಡಿದರೆ ತೆರವುಗೊಂಡ, ಹುಲ್ಲು ಮರಳಿದ ನೆಲದ ಅಳತೆಗೆ ಕೂಲಿ ಕೊಟ್ಟು, ಇದ್ದಿಲನ್ನು ಆ ಕೆಲಸದ ಉಪಫಲವಾಗಿ ಮಾತ್ರ ಇಟ್ಟುಕೊಳ್ಳುವ ಏರ್ಪಾಡಿಗೂ, ಇದ್ದಿಲಿಗೆ ಕೂಲಿ ಕೊಟ್ಟು ಹುಲ್ಲನ್ನು ಆಶಿಸುವ ಏರ್ಪಾಡಿಗೂ ಇರುವ ಅಂತರ ಆಡಳಿತದ್ದಷ್ಟೇ ಅಲ್ಲ, ಧರ್ಮದ್ದೂ ಹೌದು. ಮೊದಲನೆಯದರಲ್ಲಿ ಕಸುಬು ತನ್ನ ಕೊನೆಯನ್ನು ತಾನೇ ಸಮೀಪಿಸುತ್ತದೆ. ಎರಡನೆಯದರಲ್ಲಿ ತನ್ನ ಕೊನೆಯನ್ನು ತಾನೇ ಮುಂದೂಡುತ್ತದೆ.

ಕರ್ನಾಟಕದ ಓದುಗರಿಗೆ ಇದು ದೂರದ ಮಾತಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಕೆರೆಯಂಗಳಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯೇ ಅಲ್ಲಿನ ಬಡವರ ಒಲೆಯ ಸೌದೆಯೂ ಹೊಲದ ಬೇಲಿಯೂ ಆಗಿದೆ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು ಮರ ನೆಡುವ ಅಭ್ಯಾಸಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಲ್ಲಿ ಎದ್ದ ನೀಲಗಿರಿ ತೋಪುಗಳೂ ಸಾಕ್ಷಿ.

ಉಳಿಯುವುದು ಹೊಣೆಯ ಹಂಚಿಕೆಯ ಪ್ರಶ್ನೆ. ಜೈನ ವಿಚಾರದಲ್ಲಿ ಹಿಂಸೆಯ ಕರ್ತೃತ್ವ ಮೂರು ಬಗೆ: ಕೃತ, ಅಂದರೆ ತಾನೇ ಮಾಡಿದ್ದು, ಕಾರಿತ, ಅಂದರೆ ಮಾಡಿಸಿದ್ದು, ಅನುಮೋದಿತ, ಅಂದರೆ ಮಾಡಿದ್ದಕ್ಕೆ ಸಮ್ಮತಿಸಿದ್ದು. ಇದ್ದಿಲುಗೂಡಿನ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಳ್ಳುವ ಕೂಲಿಗೆ ಮೊದಲನೆಯದನ್ನು ಹೊರಿಸಿ ಮಾತು ಮುಗಿಸುವುದು ವಾಡಿಕೆ. ಆದರೆ 1961ರಲ್ಲಿ ಬೀಜ ಬಿತ್ತಿಸಿದ ಆಡಳಿತ ಕಾರಿತದಿಂದ ಹೊರಗುಳಿಯುವುದಿಲ್ಲ, ಹಸಿರು ಇಂಧನವೆಂಬ ಹೆಸರಿನಲ್ಲಿ ಅದನ್ನು ಕೊಳ್ಳುವ ನಗರ ಅನುಮೋದಿತದಿಂದ ತಪ್ಪಿಸಿಕೊಳ್ಳುವುದಿಲ್ಲ. ಟೇಲರರ ಪರಿಹಾರತತ್ತ್ವವನ್ನು ಇದರೊಡನೆ ಸೇರಿಸಿ ಓದಿದರೆ, ಜಾಲಿ ತೀರಿದ ಮೇಲೆ ಆ ಕೂಲಿಯ ಕುಟುಂಬ ಏನನ್ನು ಉಣ್ಣುತ್ತದೆ ಎಂಬ ವೆಚ್ಚವು ಪುನಶ್ಚೇತನದ ಅಂದಾಜುಪಟ್ಟಿಯಲ್ಲಿ ಬೇರು ಕೀಳುವ ಖರ್ಚಿನ ಪಕ್ಕದಲ್ಲೇ ಬರೆಯಲ್ಪಡಬೇಕಾಗುತ್ತದೆ; ಅದನ್ನು ತುಂಬಬೇಕಾದವರು ಮಾಡಿಸಿದವರು ಮತ್ತು ಸಮ್ಮತಿಸಿದವರು.