ದಿನಗೂಲಿಯ ಲೆಕ್ಕ ಮತ್ತು ಸತ್ಯಾಣುವ್ರತ

ಬಸದಿಯ ಜೀರ್ಣೋದ್ಧಾರವಾಗಲಿ, ಗೃಹನಿರ್ಮಾಣವಾಗಲಿ, ಯಾರು ಬಂದರು, ಎಷ್ಟು ಹೊತ್ತು ದುಡಿದರು, ಮುಂಗಡವೆಷ್ಟು ಪಡೆದರು ಎಂಬುದು ಹಾಜರಿ ಪುಸ್ತಕದಲ್ಲಿ ಅಂದಂದೇ ದಾಖಲಾಗಬೇಕು. ಆದರೆ ಅನೇಕ ಕಡೆಗಳಲ್ಲಿ ಮೇಸ್ತ್ರಿಯು ಬಟವಾಡೆಯ ದಿನ ಆರು ದಿನಗಳ ಹಾಜರಿಯನ್ನು ನೆನಪಿನಿಂದ ಒಮ್ಮೆಗೇ ತುಂಬುತ್ತಾನೆ. ವಂಚನೆಯ ಉದ್ದೇಶವಿಲ್ಲದಿರುವಾಗ ಇದರಿಂದ ಶ್ರಾವಕನಿಗೆ ದೋಷವುಂಟೇ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಮೊದಲನೆಯದು ಸುಳ್ಳು ಬರಹ, ಅದು ಸ್ಪಷ್ಟ. ಎರಡನೆಯದರ ಸೂಕ್ಷ್ಮವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಹೊನ್ನನ್ನು ಒತ್ತೆಯಿಟ್ಟವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಸುಮ್ಮನೆ ಒಪ್ಪಿಕೊಳ್ಳುವುದೇ ನ್ಯಾಸಾಪಹಾರ. ಅವನು ಹೊಸ ಸುಳ್ಳನ್ನು ಕಟ್ಟಲಿಲ್ಲ. ಪರರ ಮರೆವಿನಿಂದ ಲಾಭ ಪಡೆದನು, ಅಷ್ಟೆ.

ದಿನಗೂಲಿಯವನ ಶ್ರಮವೂ ಇಂತಹ ನ್ಯಾಸವೇ. ಸೋಮವಾರದ ದುಡಿಮೆಯನ್ನು ಅವನು ಶನಿವಾರದವರೆಗೆ ಮಾಲೀಕನಲ್ಲಿ ಇರಿಸಿರುತ್ತಾನೆ. ತಾರಸಿಗೆ ಕಾಂಕ್ರೀಟು ಹಾಕಿದ ದಿನ ಹೆಚ್ಚಿಗೆ ದುಡಿದ ಎರಡು ಗಂಟೆ, ಮಳೆಯಿಂದ ಕೆಲಸ ನಿಂತ ದಿನದ ಅರ್ಧ ಹಾಜರಿ, ಇವು ಅವನ ನೆನಪಿನಿಂದ ಜಾರಿದರೆ ಮಾಲೀಕನಲ್ಲಿಯೇ ಉಳಿಯುತ್ತವೆ. ಬರೆದಿಡದಿರುವುದು ಪ್ರಮಾದ, ಆ ಪ್ರಮಾದದ ಲಾಭ ಒಂದೇ ಕಡೆಗೆ ಹರಿಯುವಾಗ ಅದನ್ನು ನಿರ್ದೋಷವೆನ್ನಲಾಗದು.

ನಷ್ಟವು ಕೂಲಿಯಲ್ಲಿಯೇ ಮುಗಿಯುವುದಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದವರಿಗೆ ಕಲ್ಯಾಣ ನಿಧಿಯ ಫಲಾನುಭವಿಯಾಗುವ ಹಕ್ಕನ್ನು ನೀಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ 90 ದಿನಗಳ ನಿಯಮವನ್ನು ಉಳಿಸಿಕೊಂಡಿತು. ಬರೆಯದೆ ಬಿಟ್ಟ ದಿನವೇ ತೊಂಬತ್ತನೆಯದಾಗಿದ್ದರೆ, ಆ ಕುಟುಂಬವು ಕಷ್ಟಕಾಲದ ಆಸರೆಯನ್ನೇ ಕಳೆದುಕೊಳ್ಳಬಹುದು.

“ಕೆಲಸವನ್ನು ಗುತ್ತಿಗೆಗೆ ಕೊಟ್ಟಿದೆ, ಲೆಕ್ಕ ಗುತ್ತಿಗೆದಾರನದು” ಎಂದು ಧರ್ಮಸಂಸ್ಥೆಗಳು ಹೇಳುವುದುಂಟು. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆ ಎಂಬುದು ಜೈನಧರ್ಮದ ನಿಲುವು. ಹಾಜರಿಯನ್ನು ನೋಡದೆ ಬಿಲ್ಲಿಗೆ ಸಹಿ ಹಾಕುವುದೂ ಅನುಮೋದನೆಯೇ. ಮುಂದೆ ಎಷ್ಟು ಅನ್ನದಾನ ಮಾಡಿದರೂ ಸಲ್ಲದೆ ಉಳಿದ ಕೂಲಿ ಸಂದಂತಾಗದು.

ಪರಿಹಾರವು ಸುಲಭ. ಪ್ರತಿ ಸಂಜೆ ಕೆಲಸ ಬಿಡುವ ಮುನ್ನ ಅಂದಿನ ಹಾಜರಿ, ಹೆಚ್ಚಿನ ಗಂಟೆ, ಮುಂಗಡಗಳನ್ನು ಕೆಲಸಗಾರರ ಎದುರಿನಲ್ಲಿ ಓದಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ತಪ್ಪಿದ್ದರೆ ಅಳಿಸದೆ, ಗೆರೆ ಎಳೆದು ತಿದ್ದಬೇಕು. ಬಿಲ್ಲು ಪಾವತಿಗೆ ಮುನ್ನ ಕೋಶಾಧಿಕಾರಿಗಳು ಆ ಪುಸ್ತಕವನ್ನು ಪರಿಶೀಲಿಸಬೇಕು. ದಾನಿಗಳ ಹೆಸರನ್ನೂ ಮೊತ್ತವನ್ನೂ ಶಿಲಾಫಲಕದಲ್ಲಿ ತಪ್ಪಿಲ್ಲದೆ ಕೆತ್ತಿಸುವ ಸಮಾಜಕ್ಕೆ, ಆ ಕಲ್ಲನ್ನು ಹೊತ್ತವರ ದಿನಗಳನ್ನು ತಪ್ಪಿಲ್ಲದೆ ಬರೆದಿಡುವುದು ಭಾರವಾಗಲಾರದು.